ಐದನೆಯ ತಟ್ಟೆ

ನಮ್ಮ ಮನೆಯ ಊಟದ ಮೇಜಿಗೆ ನಾಲ್ಕೇ ಕುರ್ಚಿಗಳಿದ್ದವು. ಇಷ್ಟರ ಮಟ್ಟಿಗೆ ನನಗೂ ನನ್ನ ತಂಗಿ ಮಾರ್ತಾಳಿಗೂ ಜಗಳವಿಲ್ಲ. ಕಡುಗಂದು ಬಣ್ಣದ, ಬೆನ್ನಿಗೆ ದ್ರಾಕ್ಷಿಗೊಂಚಲು ಕೆತ್ತಿದ್ದ ಕುರ್ಚಿಗಳು. ಊರಿಗೆ ಮರಳಿದ ಯಾವುದೋ ಕುಟುಂಬ ಬಿಟ್ಟುಹೋದದ್ದನ್ನು ಅಪ್ಪ ಪಿಕಪ್ಪಿನಲ್ಲಿ ಹೇರಿಕೊಂಡು ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಬಾಡಿಗೆ ಮನೆಗೆ ತಂದಿದ್ದರು. ತಕರಾರು ಇರುವುದು ತಟ್ಟೆಯ ಬಗ್ಗೆ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅಮ್ಮ ನಮ್ಮ ನಾಲ್ವರ ತಟ್ಟೆಗಳ ಜೊತೆಗೆ ಇನ್ನೊಂದು ಖಾಲಿ ತಟ್ಟೆ ಇಡುತ್ತಿದ್ದಳು, ಕರೆಯದೆ ಬರುವ ಅತಿಥಿಗಾಗಿ. ಅವಳ ಪೋಲೆಂಡಿನಲ್ಲಿ ಮನೆಮನೆಯಲ್ಲೂ ಹಾಗೆ ಇಡುತ್ತಾರೆ. ಆ ತಟ್ಟೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ: ಬಿಳಿ ಪಿಂಗಾಣಿ, ಅಂಚಿಗೆ ನೀಲಿ ಗೆರೆ, ಒಂದು ಕಡೆ ಚೂರು ಹಾರಿಹೋದದ್ದು. ಇಂಥದ್ದೊಂದು ವಿವರ ಸಿಕ್ಕಿದರೆ ಜನ ಉಳಿದದ್ದನ್ನೆಲ್ಲ ನಂಬಿಬಿಡುತ್ತಾರೆ. ನಾನೂ ಬಹಳ ವರ್ಷ ನಂಬಿದ್ದೆ.

ಅಪ್ಪ ಕರಾವಳಿಯ ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗ, ರಿಪೇರಿಗೆಂದು ಹಡಗು ಬಾಲ್ಟಿಕ್ ತೀರದ ಒಂದು ಬಂದರಿನಲ್ಲಿ ಇಡೀ ಚಳಿಗಾಲ ನಿಂತಿತ್ತು. ಅಮ್ಮ ಅಲ್ಲಿಯವಳು, ಹಲೀನಾ. ಮದುವೆಯಾದ ಮೇಲೆ ಅಪ್ಪ ಹಡಗು ಬಿಟ್ಟು ಒಮಾನಿನಲ್ಲಿ ಕೆಲಸ ಹಿಡಿದರು. ಅವರ ಪ್ರೇಮದ ಕತೆ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡದ್ದೂ ಅವರಿಬ್ಬರ ಬಾಯಲ್ಲಿ ಬೇರೆ ಬೇರೆಯಾಗಿತ್ತು. ಗೊತ್ತಿರುವುದು ಮನೆಯ ಭಾಷೆ. ನಮ್ಮ ಮನೆಯಲ್ಲಿ ಮಾತಾಡುತ್ತಿದ್ದುದು ಕನ್ನಡ, ಆದರೆ ಮನೆಯಲ್ಲಿ ಯಾರ ತಾಯಿಭಾಷೆಯೂ ಕನ್ನಡವಲ್ಲ. ಇದಕ್ಕೆ ಕಾರಣ ಕೆಳಗಿನ ಮನೆಯ ಸುಶೀಲಕ್ಕ. ಅವರು ತುಳುವರು, ಒಮಾನಿನಲ್ಲಿ ಅಮ್ಮನಿಗೆ ಸಿಕ್ಕ ಮೊದಲ ಗೆಳತಿ. ಸುಶೀಲಕ್ಕನಿಗೆ ಇಂಗ್ಲಿಷ್ ಬಾರದು, ಅಮ್ಮನಿಗೆ ಹಿಂದಿ ಬಾರದು. ತುಳು ಮನೆಯ ಮಾತು, ಹೊರಗಿನವರ ಜೊತೆ ಕನ್ನಡವೇ ಮರ್ಯಾದೆ ಎಂದು ತೀರ್ಮಾನಿಸಿದ ಸುಶೀಲಕ್ಕ ಮೆಟ್ಟಿಲ ಮೇಲೆ ಕೂತು ಬೀನ್ಸ್ ಮುರಿಯುತ್ತ ಅಮ್ಮನಿಗೆ ಕನ್ನಡ ಕಲಿಸಿದರು. ಅವರು ಅಮ್ಮನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರಿಂದ ಅಮ್ಮನಿಗೆ ಏಕವಚನವೇ ಬರಲಿಲ್ಲ. ಮೂಗು ಸೋರುತ್ತಿದ್ದ ನನ್ನನ್ನೂ ಅವಳು ಹಾಗೆಯೇ ಕೇಳುತ್ತಿದ್ದಳು:

“ಸ್ತೆಫೆಕ್, ನೀವು ಹಾಲು ಕುಡಿದದ್ದು ಉಂಟಾ?”

ಪೋಲಿಷ್ ಅವಳ ಬಾಯಿಂದ ಬರುತ್ತಿದ್ದುದು ಪ್ರಾರ್ಥನೆಗೆ, ಲೆಕ್ಕಕ್ಕೆ ಮತ್ತು ಕೈ ಸುಟ್ಟಾಗ. ಅಡುಗೆಮನೆಯಲ್ಲಿ ಅವಳು ಒಬ್ಬಳೇ ಇದ್ದಾಗ ಏನೋ ಗುನುಗುತ್ತಿದ್ದಳು, ನಾನು ಒಳಗೆ ಕಾಲಿಟ್ಟರೆ ನಿಲ್ಲಿಸುತ್ತಿದ್ದಳು. ನನಗೆ ಅರ್ಥವಾಗದ ಒಂದು ಕೋಣೆ ಅವಳೊಳಗೆ ಇದೆ ಎಂದು ಆಗಲೇ ಅನಿಸಿತ್ತೋ, ಈಗ ಬರೆಯುವಾಗ ಅನಿಸುತ್ತಿದೆಯೋ ಹೇಳಲಾರೆ.

ಡಿಸೆಂಬರ್ ಬಂತೆಂದರೆ ಆ ಕೋಣೆಯ ಬಾಗಿಲು ಸ್ವಲ್ಪ ತೆರೆಯುತ್ತಿತ್ತು. ಬೀಟ್ರೂಟನ್ನು ಉಪ್ಪುನೀರಿನಲ್ಲಿ ಹುಳಿ ಬರಲು ಇಡುವುದು. ಅದರಿಂದ ಮಾಡುವ ಕೆಂಪು ಸಾರಿಗೆ ಬಾರ್ಷ್ಚ್ ಎಂದು ಹೆಸರು. ಆಲೂಗಡ್ಡೆ ತುಂಬಿಸಿ ಕರ್ಜಿಕಾಯಿಯಂತೆ ಮಡಚಿದ ಪಿಯೆರೋಗಿ. ಅದನ್ನು ನೋಡಿ ಅಪ್ಪ ಪ್ರತಿ ವರ್ಷ “ಇದು ನಮ್ಮ ನೆವ್ರಿಯೇ, ಬೆಲ್ಲ ಹಾಕ್ಲಿಕ್ಕೆ ಮರೆತದ್ದು” ಎನ್ನುತ್ತಿದ್ದರು. ಅಂದು ಮಾಂಸ ಕೂಡದು, ಮೀನು ಬೇಕು. ಅವಳ ಊರಲ್ಲಿ ಹಬ್ಬದ ಮೀನನ್ನು ಜೀವಂತ ತಂದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಾರಂತೆ. ಇಲ್ಲಿ ಸಿಕ್ಕಿದ್ದು ಸೀಬ್ ಮಾರ್ಕೆಟ್ಟಿನ ಸತ್ತ ಅಂಜಲ್. ಅದನ್ನೇ ಅವಳು ಬಕೆಟ್ಟುಗಟ್ಟಲೆ ಐಸು ಹಾಕಿ ತೊಟ್ಟಿಯಲ್ಲಿ ಮಲಗಿಸುತ್ತಿದ್ದಳು, ಮನೆಯವರೆಲ್ಲ ಎರಡು ದಿನ ಬಾಲ್ಡಿಯಲ್ಲಿ ಮೈ ತೊಳೆದುಕೊಳ್ಳಬೇಕಿತ್ತು. ಈ ಮೀನು ಮಾರ್ತಾಳಿಗೂ ನೆನಪಿರುವುದರಿಂದ ಇದನ್ನು ನಿಜ ಎಂದು ಇಟ್ಟುಕೊಳ್ಳಬಹುದು. ಹನ್ನೆರಡು ಬಗೆ ಇರಬೇಕು ಎಂಬುದು ನಿಯಮ. ಅಷ್ಟು ಆಗದಿದ್ದಾಗ ಸುಶೀಲಕ್ಕನ ಮಾವಿನ ಮಿಡಿ, ಹಪ್ಪಳ, ಕೊನೆಗೆ ಉಪ್ಪನ್ನೂ ಎಣಿಕೆಗೆ ಸೇರಿಸುತ್ತಿದ್ದೆವು. ಎಲ್ಲಕ್ಕಿಂತ ಮುಖ್ಯವಾದದ್ದು ಅಜ್ಜಿ ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದ ಒಪ್ವಾಟೆಕ್: ಕಾಗದದಷ್ಟು ತೆಳ್ಳಗಿನ ಬಿಳಿ ಹಾಳೆ, ಮೇಲೆ ಬಾಲ ಯೇಸುವಿನ ಅಚ್ಚು. ಸುಶೀಲಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು ಹೇಳಿದ್ದು ನಮ್ಮ ಮನೆಯಲ್ಲಿ ಗಾದೆಯಾಯಿತು.

“ಉಪ್ಪಿಲ್ಲದ ಹಪ್ಪಳ ಮಾರಾಯ್ತಿ. ದೇವರಿಗೆ ಬಿ.ಪಿ. ಉಂಟಾ ಎಂತ?”

ಊಟಕ್ಕೆ ಮುಂಚೆ ಒಬ್ಬೊಬ್ಬರೂ ಇನ್ನೊಬ್ಬರ ಕೈಯಲ್ಲಿರುವ ಹಾಳೆಯಿಂದ ಚೂರು ಮುರಿದು ತಿಂದು, ಒಂದು ಒಳ್ಳೆಯ ಮಾತು ಹಾರೈಸಬೇಕು. ಆ ಹೊತ್ತಿನಲ್ಲಿ ಸಿಟ್ಟು ಇಟ್ಟುಕೊಳ್ಳುವಂತಿಲ್ಲ, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಮೊದಲ ನಕ್ಷತ್ರ ಕಾಣಿಸಿದ ಮೇಲೆಯೇ ಇದೆಲ್ಲ ಶುರು. ನಮ್ಮ ಮನೆ ವಿಮಾನ ನಿಲ್ದಾಣದ ಹತ್ತಿರ. ಹಸಿದ ಮಾರ್ತಾ ಟೆರೇಸಿನಿಂದ “ಬಂತು, ಬಂತು” ಎಂದು ಕಿರುಚಿದರೆ ಅಮ್ಮ ಒಳಗಿನಿಂದಲೇ ಕೇಳುತ್ತಿದ್ದಳು:

“ನಡೀತಾ ಉಂಟಾ, ನಿಂತಿದ್ದಾ?”

ನಡೆಯುತ್ತಿದ್ದರೆ ಅದು ವಿಮಾನ. ಮತ್ತೆ ಕಾಯಬೇಕು.

ಮೇಜಿನ ಬಟ್ಟೆಯ ಅಡಿಗೆ ಹುಲ್ಲು ಹಾಸುವ ಪದ್ಧತಿಯೂ ಇತ್ತು, ಯೇಸು ಹುಟ್ಟಿದ ಗೋದಲಿಯ ನೆನಪಿಗೆ. ಮಸ್ಕತ್ತಿನಲ್ಲಿ ಒಣಹುಲ್ಲು ಎಲ್ಲಿಂದ ತರುವುದು? ಅಪ್ಪ ಮೇಕೆಗಳಿಗೆಂದು ಮಾರುವ ಕುದುರೆಮಸಾಲೆ ಸೊಪ್ಪಿನ ಕಟ್ಟೊಂದನ್ನು ತರುತ್ತಿದ್ದರು. ಇಲ್ಲಿಂದಲೇ ನನ್ನ ನೆನಪಿನ ಅತ್ಯಂತ ಗಟ್ಟಿಯಾದ ದೃಶ್ಯ ಶುರುವಾಗುತ್ತದೆ. ನಮ್ಮ ಮನೆಯ ಮಾಲೀಕ ಅಬು ನಾಸಿರ್ ಪಕ್ಕದ ಕಾಂಪೌಂಡಿನಲ್ಲಿದ್ದರು. ಬಾಡಿಗೆದಾರರು ಟೆರೇಸಿನಲ್ಲಿ ಪ್ರಾಣಿ ಸಾಕಬಾರದು ಎಂಬುದು ಅವರ ಒಂದೇ ಷರತ್ತು. ಅಪ್ಪ ಸೊಪ್ಪಿನ ಕಟ್ಟು ಹೊತ್ತು ಮೆಟ್ಟಿಲು ಹತ್ತುವುದನ್ನು ಅವರು ನೋಡಿದರು. ನಾವು ಆಗಷ್ಟೇ ಮೇಜಿಗೆ ಕೂತಿದ್ದೆವು. ಬಾಗಿಲು ಬಡಿದ ಸದ್ದು. ಕಸೂತಿಯ ಟೋಪಿ, ಬಿಳಿ ನಿಲುವಂಗಿ, ಕೈಯಲ್ಲಿ ಕೋಲು. ಅವರಿಗೆ ಹಿಂದಿ ಬರುತ್ತಿತ್ತು.

“ಬಕ್ರಿ ಕಿಧರ್, ವಿಕ್ಟರ್?” ಮೇಕೆ ಎಲ್ಲಿ?

“ಬಕ್ರಿ ಮಾಫಿ, ಅಬು ನಾಸಿರ್. ಮೇಕೆ ಇಲ್ಲವೇ ಇಲ್ಲ.”

ಅವರು ಸ್ನಾನದ ಕೋಣೆಯನ್ನೂ ಬಿಡದೆ ನೋಡಿ ಬಂದು, ಮೇಜಿನ ಬಟ್ಟೆಯ ಮೂಲೆ ಎತ್ತಿ, ಹಸಿರು ಸೊಪ್ಪನ್ನು ನೋಡಿ, ಅಪ್ಪನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೋಲಿನ ತುದಿಯಿಂದ ಖಾಲಿ ತಟ್ಟೆಯನ್ನು ತೋರಿಸಿ ಇದು ಯಾರದ್ದು ಎಂದು ಕೇಳಿದರು. ಅಮ್ಮ ಕನ್ನಡದಲ್ಲಿ ಹೇಳಿದಳು:

“ಒಬ್ಬರು ಬರ್ಲಿಕ್ಕೆ ಉಂಟು.”

ಅಪ್ಪ ಅದನ್ನು ಹಿಂದಿಗೆ ತಿರುಗಿಸಿದರು: ಅತಿಥಿಗೆ, ಮೆಹಮಾನನಿಗೆ.

“ಖಲಾಸ್,” ಎಂದರು ಅಬು ನಾಸಿರ್, ಕುರ್ಚಿ ಎಳೆದುಕೊಂಡು. “ಮೈ ಆ ಗಯಾ.” ಮುಗಿಯಿತಲ್ಲ, ನಾನು ಬಂದೆನಲ್ಲ.

ಅವರು ಕೆಂಪು ಸಾರು ಕುಡಿದು ಮದ್ದು ನುಂಗಿದವರ ಮುಖ ಮಾಡಿದ್ದು, ಅಂಜಲಿನ ತುಂಡನ್ನು ಎರಡು ಸಲ ಹಾಕಿಸಿಕೊಂಡದ್ದು, ಹೋಗುವಾಗ ಮುಂದಿನ ವರ್ಷದಿಂದ ಸೊಪ್ಪು ತಾನೇ ಕೊಡುತ್ತೇನೆ ಎಂದದ್ದು, ಎಲ್ಲವೂ ನನಗೆ ಕಾಣುತ್ತದೆ. ಕುರ್ಚಿಯ ದ್ರಾಕ್ಷಿಗೊಂಚಲು ಅವರ ಬೆನ್ನ ಹಿಂದೆ ಅರ್ಧ ಮರೆಯಾದದ್ದೂ ಕಾಣುತ್ತದೆ.

ಇನ್ನೊಂದು ವರ್ಷದ್ದು ಜಗಳದ ಹಬ್ಬ. ಅದರಲ್ಲಿ ನಾನಿದ್ದೆ ಎಂಬುದರ ಬಗ್ಗೆ ಅನುಮಾನವಿಲ್ಲ, ಏಕೆಂದರೆ ಜಗಳ ನನ್ನ ಬಗ್ಗೆಯೇ ಇತ್ತು. ಅಪ್ಪ ನನ್ನನ್ನು ಶಿರ್ವಕ್ಕೆ, ಅವರ ಅಕ್ಕ ಹಿಲ್ಡಾರ ಮನೆಗೆ ಕಳಿಸಿ ಕನ್ನಡ ಶಾಲೆಗೆ ಹಾಕಬೇಕೆಂದಿದ್ದರು. ಆಗ ನನಗೆ ಒಂಬತ್ತೋ ಹತ್ತೋ. ಮಸ್ಕತ್ತಿನ ಶಾಲೆಯಲ್ಲಿ ನಿನ್ನ ಊರು ಯಾವುದು ಎಂದು ಯಾರೋ ಕೇಳಿದಾಗ ನಾನು “ಅಲ್ ಹೈಲ್, ಫಸ್ಟ್ ಫ್ಲೋರ್” ಎಂದಿದ್ದೆನಂತೆ. ಅಪ್ಪನಿಗೆ ಅದು ನಗುವ ಮಾತಾಗಿ ಕಾಣಲಿಲ್ಲ. ನವೆಂಬರಿನಿಂದಲೇ ಅಡುಗೆಮನೆಯ ಬಾಗಿಲಲ್ಲಿ ಆ ಮಾತು ಶುರುವಾಯಿತು.

“ವೀಸಾ ಮುಗಿದ ದಿವ್ಸ ನಾವು ಇಲ್ಲಿಂದ ಹೊರಡ್ಲಿಕ್ಕೆ ಉಂಟು ಹಲೀನಾ. ಆವಾಗ ಅವ ಎಲ್ಲಿಯವ? ಅವನಿಗೆ ಒಂದು ಊರು ಅಂತ ಬೇಡವಾ?”

“ಅವರಿಗೆ ಒಂದು ಮೇಜು ಉಂಟಲ್ಲ,” ಎಂದಳು ಅಮ್ಮ, ಹಿಟ್ಟು ನಾದುತ್ತ. “ಸಾಕು.”

“ಮೇಜು ಊರಾಗ್ತದಾ?”

“ನನಗೆ ಆಗಿದೆ.”

ಆಮೇಲೆ ಅವಳು ವಾದಿಸುವುದನ್ನು ಬಿಟ್ಟಳು. ಸೋತು ಅಲ್ಲ, ಹಬ್ಬದ ಸಂಜೆಗಾಗಿ ಕಾಯುತ್ತಿದ್ದಳು. ಒಪ್ವಾಟೆಕ್ ಕೈಯಲ್ಲಿರುವಾಗ ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು, ಅಪ್ಪನಿಗೂ. ಆ ಸಂಜೆ ನಕ್ಷತ್ರ ಬಂತು, ನಡೆಯದೆ ನಿಂತದ್ದು. ನಾವು ಕುರ್ಚಿಗಳ ಹಿಂದೆ ನಿಂತೆವು. ಅಮ್ಮ ಅಪ್ಪನ ಅಂಗೈಯಲ್ಲಿದ್ದ ಬಿಳಿ ಹಾಳೆಯ ಅಂಚಿನಿಂದ ಚೂರು ಮುರಿದು, ಅದನ್ನು ಬಾಯಿಗೆ ಹಾಕದೆ ಹಿಡಿದುಕೊಂಡು ಹೇಳಿದಳು:

“ಸ್ತೆಫೆಕ್ ಇಲ್ಲೇ ಇರ್ಲಿ. ಈ ಮೇಜಲ್ಲಿ.”

ಹೊರಗೆ ವಿಮಾನವೊಂದು ಇಳಿಯುತ್ತಿತ್ತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಅದು ಹೋದ ಮೇಲೆ ಅಪ್ಪ ಅಮ್ಮನ ಹಾಳೆಯಿಂದ ತಮ್ಮ ಚೂರು ಮುರಿದುಕೊಂಡು ಹೇಳಿದರು:

“ಆಯ್ತು.”

ಅಮ್ಮ ಅವರ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಷ್ಟು ಚೆಂದದ ಊಟ ಆ ಮನೆಯಲ್ಲಿ ಮತ್ತೆ ಆಗಲಿಲ್ಲ. ಅವಳು ಗುನುಗುತ್ತಿದ್ದುದನ್ನು ಅಂದು ಬಾಯ್ಬಿಟ್ಟು ಹಾಡಿದಳು.

ಹೊಸ ವರ್ಷ ಕಳೆದು ಸ್ವಲ್ಪ ದಿನಕ್ಕೆ ಅಪ್ಪ ಆಫೀಸಿನಿಂದ ಬರುವಾಗ ನನ್ನ ವಿಮಾನದ ಟಿಕೆಟ್ ತಂದರು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ನೀವು ಆಯ್ತು ಹೇಳಿದ್ದೀರಿ.”

“ಹೇಳಿದೆ. ಶಾಲೆಗೆ ಸೇರಿಸುವ ಕೆಲಸ ಅಷ್ಟೊತ್ತಿಗೆ ಆಗಿಹೋಗಿತ್ತು ಹಲೀನಾ. ಆಯ್ತು ಅಂದ್ರೆ, ಅದು ಆಗಿ ಆಯ್ತು ಅಂತ.”

ಅವಳು ಕೂಗಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ತನ್ನ ಕನ್ನಡದ ಗುರುವಿನ ಮನೆಗೆ ಹೋದಳು. ಸುಶೀಲಕ್ಕ ಗ್ಯಾಸಿನ ಮುಂದೆ ನಿಂತು ಏನೋ ಹುರಿಯುತ್ತಿದ್ದರು.

“ಸುಶೀಲಕ್ಕಾ, ಆಯ್ತು ಅಂದರೆ ಹೌದು ಅಂತವಾ, ಮುಗಿಯಿತು ಅಂತವಾ?”

ಸುಶೀಲಕ್ಕ ಗ್ಯಾಸು ಆರಿಸಿದರು. ನನ್ನನ್ನು ನೋಡಿದರು.

“ಎರಡೂ ಹೌದಲ್ಲ ಮಾರಾಯ್ತಿ. ಹೇಳಿದವರ ಮೋರೆ ನೋಡ್ಬೇಕು.”

“ನಾನು ಹಾಳೆ ನೋಡ್ತಾ ಇದ್ದೆ,” ಎಂದಳು ಅಮ್ಮ.

ಅಪ್ಪ ಬೇಕೆಂದೇ ಆ ಪದವನ್ನು ಆರಿಸಿಕೊಂಡರೇ? ಇಲ್ಲ ಎನ್ನಲಾಗದ ಹೊತ್ತಿನಲ್ಲಿ ಸುಳ್ಳು ಹೇಳಲಾಗದ ಮನುಷ್ಯನಿಗೆ ಸಿಕ್ಕಿದ ಒಂದೇ ಪದ ಅದಾಗಿತ್ತೇ? ಅಥವಾ ಆ ಕ್ಷಣ ನಿಜವಾಗಿಯೂ ಒಪ್ಪಿ, ಆಮೇಲೆ ಮನಸ್ಸು ಬದಲಿಸಿ, ಪದದ ಹಿಂದೆ ಅಡಗಿದರೇ? ನಾನು ದೊಡ್ಡವನಾದ ಮೇಲೆ ಒಮ್ಮೆ ಕೇಳಿದ್ದೆ. ನೆನಪಿಲ್ಲ ಪುತಾ ಎಂದರು. ಆ ಉತ್ತರವನ್ನೂ ಎರಡು ರೀತಿ ಓದಬಹುದು.

ಹೀಗೆ ನನಗೆ ಒಂದು ಊರು ಸಿಕ್ಕಿತು. ಶಿರ್ವದ ಹಿಲ್ಡಾ ಅತ್ತೆ ಕೆಟ್ಟವರಲ್ಲ. ಬೇಕರಿಯ ಹಿಂದಿನ ಅವರ ಮನೆಯಲ್ಲಿ ಬೆಳಗಿನ ಜಾವವೇ ಬನ್ನಿನ ವಾಸನೆ ಬರುತ್ತಿತ್ತು. ಶಾಲೆಯಲ್ಲಿ ನನ್ನ ಕನ್ನಡ ಕೇಳಿ ಮೇಷ್ಟ್ರು ಬೆರಗಾದರು: ಬೆಂಚಿನ ಮೇಲಿನ ಹುಡುಗರನ್ನೆಲ್ಲ ನಾನು ‘ನೀವು’ ಎನ್ನುತ್ತಿದ್ದೆ. ಹುಡುಗರು ನನ್ನನ್ನು ‘ಬನ್ನಿ ಸಾರ್’ ಎಂದು ಕರೆಯತೊಡಗಿದರು. ಒಂದೇ ತಿಂಗಳಲ್ಲಿ ಏಕವಚನ ಕಲಿತೆ, ಬೈಗುಳ ಕಲಿತೆ, ಅಕ್ಷರ ಕಲಿತೆ. ರಜೆ ಸಿಗುತ್ತಿದ್ದುದು ಏಪ್ರಿಲ್ ಮೇಯಲ್ಲಿ. ಆಗ ಮಸ್ಕತ್ತಿಗೆ ಹೋಗಿ ಬರುತ್ತಿದ್ದೆ, ಮಾರ್ತಾಳಿಗೂ ಏಕವಚನ ಕಲಿಸುತ್ತಿದ್ದೆ. ಡಿಸೆಂಬರಿನ ರಜೆ ಹೋಗಿಬರುವಷ್ಟು ಉದ್ದವಿರಲಿಲ್ಲ. ನಾನು ಕಾಲೇಜು ಮುಗಿಸುವಷ್ಟರಲ್ಲಿ ಅಪ್ಪನ ಕೆಲಸವೂ ಮುಗಿದು, ಅವರು ಮೂವರೂ ಅಮ್ಮನ ಊರಿಗೆ ಹೋಗಿ ನೆಲೆಸಿದರು. ಹಬ್ಬದ ಸಂಜೆ ಆ ಮೇಜಿಗೆ ನಾನು ಮತ್ತೆ ಕೂರಲೇ ಇಲ್ಲ.

ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದೆ, ದೇವರನ್ನು ಬಿಟ್ಟೆ, ಎರಡು ಮೂರು ಊರು ಸುತ್ತಿ ಕೊನೆಗೆ ಒಮಾನಿಗೇ ಬಂದು ವಿಮಾ ಕಂಪನಿಯೊಂದರಲ್ಲಿ ಸೇರಿಕೊಂಡೆ. ಈಗ ಅಲ್ ಮಬೇಲಾದಲ್ಲಿ, ಕಾರಿನ ಗ್ಯಾರೇಜುಗಳ ಸಾಲಿನ ಮೇಲಿನ ಫ್ಲಾಟಿನಲ್ಲಿ ಒಬ್ಬನೇ ಇದ್ದೇನೆ. ಅಪಘಾತಗಳನ್ನು ನೋಡಿದವರನ್ನು ಮಾತಾಡಿಸುವುದು ನನ್ನ ಕೆಲಸ. ಕಾರಿನ ಬಣ್ಣ, ಬ್ರೇಕಿನ ಸದ್ದು, ಡ್ರೈವರಿನ ಬಾಯಲ್ಲಿದ್ದ ಸಿಗರೇಟು ಎಲ್ಲವನ್ನೂ ಅವರು ಹೇಳುತ್ತಾರೆ. ನಾನು ಕೊನೆಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಆಗ ನೀವು ಎಲ್ಲಿ ನಿಂತಿದ್ದಿರಿ? ಎಷ್ಟೋ ಜನ ಅಲ್ಲಿ ತಡವರಿಸುತ್ತಾರೆ. ಅವರು ಸುಳ್ಳುಗಾರರಲ್ಲ. ಅಣ್ಣನೋ ಪಕ್ಕದ ಅಂಗಡಿಯವನೋ ಹೇಳಿದ್ದನ್ನು ಕೇಳಿ ಕೇಳಿ ಅವರಿಗೆ ಕಾಣಿಸಿಬಿಟ್ಟಿರುತ್ತದೆ.

ದೇವರನ್ನು ಬಿಟ್ಟರೂ ಹಬ್ಬದ ಸಂಜೆಯ ಊಟವನ್ನು ಬಿಡಲಾಗಲಿಲ್ಲ. ಹೋದ ಡಿಸೆಂಬರಿನಲ್ಲಿಯೂ ಬೀಟ್ರೂಟು ಹುಳಿಗೆ ಹಾಕಿದೆ, ಅಂಜಲ್ ತಂದೆ, ಸೊಪ್ಪಿನ ಕಟ್ಟನ್ನು ಲಿಫ್ಟಿನಲ್ಲಿ ತರುವಾಗ ಪಕ್ಕದ ಮನೆಯ ಹುಡುಗಿ ಇಂಗ್ಲಿಷಿನಲ್ಲಿ “ಅಂಕಲ್, ನಿಮ್ಮ ಹತ್ರ ಮೊಲ ಇದೆಯಾ?” ಎಂದು ಕೇಳಿದಳು. ಒಪ್ವಾಟೆಕ್ ಮಾರ್ತಾ ಕಳಿಸಿದ್ದಳು. ಅಜ್ಜಿಯ ನಂತರ ಅಮ್ಮ, ಅಮ್ಮನ ನಂತರ ಮಾರ್ತಾ. ಅಮ್ಮ ತನ್ನ ಬಂದರಿನ ಊರಲ್ಲಿ ಮಣ್ಣಾಗಿ ಕೆಲವು ವರ್ಷಗಳಾದವು, ಅಪ್ಪ ಅವಳಿಗಿಂತ ಮುಂಚೆಯೇ. ಸುಶೀಲಕ್ಕನ ಕನ್ನಡವನ್ನು ಅಮ್ಮನ ಬಾಯಲ್ಲಿ ಕೇಳಿ ಬೆಳೆದವರು ಲೋಕದಲ್ಲಿ ನಾವಿಬ್ಬರೇ ಉಳಿದಿದ್ದೇವೆ. ಮಾರ್ತಾಳ ಮಕ್ಕಳಿಗೆ ಅದು ಬಾರದು. ಹಾಗಾಗಿ ನಾವು ಫೋನಿನಲ್ಲಿ ಒಂದು ಭಾಷೆಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ ಜಾಗ್ರತೆಯಿಂದ ಮಾತಾಡುತ್ತೇವೆ. ಆ ಸಂಜೆ ಅವಳು ಫೋನು ಮಾಡಿದಾಗ ನಾನು ಬಟ್ಟೆ ಹಾಸಿ, ಎರಡು ತಟ್ಟೆ ಇಟ್ಟು, ಕಿಟಕಿಯಲ್ಲಿ ನಕ್ಷತ್ರಕ್ಕೆ ಕಾಯುತ್ತಿದ್ದೆ. ಮಾತು ಹೇಗೋ ಅಬು ನಾಸಿರರ ಮೇಕೆಗೆ ಬಂತು. ನಾನು ನಗುತ್ತ ಹೇಳುತ್ತ ಹೋದೆ. ಅವಳು ನಡುವೆ ತಡೆದಳು.

“ಸ್ತೆಫೆಕ್, ಆವತ್ತು ನೀನು ಎಲ್ಲಿ ಕೂತಿದ್ದಿ?”

“ಮೇಜಲ್ಲಿ. ಅವರ ಎದುರು.”

“ಅವರ ಎದುರು ನಾನು. ಆಚೆ ಈಚೆ ಅಪ್ಪ, ಅಮ್ಮ. ಇದ್ದದ್ದು ನಾಲ್ಕು ಕುರ್ಚಿ ಅಲ್ವಾ. ನೀನು ಯಾವುದರಲ್ಲಿ?”

ನಾನು ಕುರ್ಚಿಗಳನ್ನು ಎಣಿಸಿದೆ. ಅಬು ನಾಸಿರರ ಬೆನ್ನ ಹಿಂದೆ ದ್ರಾಕ್ಷಿಗೊಂಚಲಿತ್ತು.

“ಅದು ನೀನು ಊರಿಗೆ ಹೋದ ವರ್ಷ ಮಾರಾಯ. ಅದಕ್ಕಿಂತ ಮೊದ್ಲು ಅಮ್ಮ ಖಾಲಿ ತಟ್ಟೆ ಇಟ್ಟದ್ದೇ ಇಲ್ಲ. ಕೇಳಿದ್ರೆ ಎಂತ ಹೇಳ್ತಿದ್ಳು? ಈ ಊರಿಗೆ ಕರೆಯದೆ ಬಂದವರು ನಾವೇ, ಇನ್ನು ಯಾರಿಗೆ ತಟ್ಟೆ ಅಂತ. ಐದನೆಯ ತಟ್ಟೆ ಅಂತ ಇರ್ಲೇ ಇಲ್ಲ. ಅದು ನಾಲ್ಕನೆಯದ್ದು.”

“ಚೂರು ಹಾರಿದ್ದು?”

“ನೀನೇ ಬೀಳಿಸಿದ್ದು. ಅದು ನಿನ್ನದೇ ತಟ್ಟೆ.”

ಆಗ ನೆನಪಾಯಿತು, ಅಥವಾ ನೆನಪಾಯಿತು ಎಂದು ಈಗ ಅನಿಸುತ್ತಿದೆ: ಕ್ಯಾಸೆಟ್ಟು. ಆ ಕಾಲದಲ್ಲಿ ಗಲ್ಫಿನ ಮನೆಗಳಿಂದ ಊರಿಗೆ ದನಿ ತುಂಬಿಸಿದ ಕ್ಯಾಸೆಟ್ಟುಗಳು ಬರುತ್ತಿದ್ದವು. ಆ ವರ್ಷ ಅಮ್ಮ ಹಬ್ಬದ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಇಡೀ ಊಟವನ್ನು ತುಂಬಿಸಿ ಕಳಿಸಿದ್ದಳು. ಹಿಲ್ಡಾ ಅತ್ತೆಯ ಜಗಲಿಯಲ್ಲಿ ಅದನ್ನು ಹಾಕಿ ಹಾಕಿ ಕೇಳಿದೆ, ಟೇಪು ಸಡಿಲಾಗಿ ಅಬು ನಾಸಿರರ ನಗು ಎಮ್ಮೆಯ ಕೂಗಿನಂತಾಗುವವರೆಗೆ. ಬಾಗಿಲು, ಕೋಲು, ಕುರ್ಚಿ ಎಳೆದ ಸದ್ದು. ಮುಖಗಳನ್ನು ನಾನು ಜೋಡಿಸಿಕೊಂಡೆ. ನನ್ನನ್ನೂ ಮೇಜಿಗೆ ಸೇರಿಸಿಕೊಂಡೆ. ಬರ್ಲಿಕ್ಕೆ ಉಂಟು ಎಂದು ಅಮ್ಮ ಹೇಳಿದ ಆ ಒಂದು ಮಾತನ್ನು ಅಪ್ಪನ ಹಿಂದಿಯಲ್ಲೇ ಅರ್ಥ ಮಾಡಿಕೊಂಡು, ಯಾವುದೋ ಅತಿಥಿಯ ಬಗ್ಗೆ ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ.

“ಅವರು ನಿನ್ನ ಕುರ್ಚಿಯಲ್ಲಿ ಕೂತಾಗ ಅಮ್ಮನ ಮೋರೆ ನೋಡ್ಬೇಕಿತ್ತು ನೀನು,” ಎಂದಳು ಮಾರ್ತಾ. “ಆದ್ರೂ ಬಡಿಸಿದ್ಳು.”

ಅವಳ ಕಡೆ ಮಕ್ಕಳು ಪೋಲಿಷಿನಲ್ಲಿ ಕೂಗುತ್ತಿದ್ದರು, ಊಟಕ್ಕೆ ಅವಸರ. ಕೆಳಗೆ ಗ್ಯಾರೇಜಿನಲ್ಲಿ ಯಾರೋ ಶಟರ್ ಎಳೆದರು. ದೂರದಲ್ಲಿ ಒಂದು ಬೆಳಕು ಸೀಬ್ ಕಡೆಗೆ ಇಳಿಯುತ್ತಿತ್ತು, ನಡೆಯುತ್ತಿದ್ದದ್ದು.

“ಇಡ್ತೇನೆ. ನೀನು ಎಷ್ಟು ತಟ್ಟೆ ಇಟ್ಟಿದ್ದಿ?”

“ಎರಡು.”

“ಯಾರು ಬರ್ತಾರೆ?”

ಮಾತಿನ ನಡುವೆ ಯಾವಾಗಲೋ ಕಿಟಕಿ ಬಿಟ್ಟು ಬಂದು ಕೂತಿದ್ದೆ. ನೋಡಿದರೆ, ಅತಿಥಿಗೆಂದು ಎಳೆದಿಟ್ಟಿದ್ದ ಕುರ್ಚಿಯಲ್ಲಿ ನಾನಿದ್ದೆ. ನನ್ನದು ಎಂದು ಇಟ್ಟುಕೊಂಡಿದ್ದ ತಟ್ಟೆ ಎದುರಿಗೆ ಖಾಲಿ ಇತ್ತು.

“ಒಬ್ಬರು ಬರ್ಲಿಕ್ಕೆ ಉಂಟು,” ಎಂದೆ.